ಹಿಮದ ರಸ್ತೆ, ಕೆಸರಿನ ದಾರಿ: ಯಾವುದಕ್ಕೆ ಯಾವ ಟೈರು?

ಈ ಬಾರಿಯ ವಾಹನ ಪ್ರಶ್ನೋತ್ತರಕ್ಕೆ ಪಿಕಪ್, ಜೀಪು, ಲಾರಿಗಳ ಟೈರಿನ ಪ್ರಶ್ನೆಗಳನ್ನೇ ಆಯ್ದುಕೊಂಡಿದ್ದೇವೆ. ಅಮೆರಿಕ, ಕೆನಡಾಗಳಲ್ಲಿ ಚಳಿಗಾಲಕ್ಕೆ ಸಜ್ಜಾಗುತ್ತಿರುವವರು, ಲಡಾಖಿಗೆ ಹೊರಟವರು, ಮಲೆನಾಡಿನ ತೋಟದವರು ಬರೆದಿದ್ದಾರೆ. ಹೆಚ್ಚಿನ ಪತ್ರಗಳಲ್ಲಿ ಒಂದೇ ನಂಬಿಕೆ ಕಾಣುತ್ತದೆ: ಟೈರಿನ ಬಟನ್ (ಮೇಲ್ಮೈಯ ರಬ್ಬರ್ ಗಂಟು) ದಪ್ಪವಾದಷ್ಟೂ ಹಿಡಿತ ಜಾಸ್ತಿ. ಕೆಸರಿನ ಮಟ್ಟಿಗೆ ಇದು ಬಹುಪಾಲು ನಿಜ. ಹಿಮದ ರಸ್ತೆಯ ಮಟ್ಟಿಗೆ ಅಪಾಯಕಾರಿ ತಪ್ಪು. ಚಳಿಯಲ್ಲಿ ಗಾಡಿಯನ್ನು ನಿಲ್ಲಿಸುವುದು ಮೊದಲು ರಬ್ಬರಿನ ಗುಣ, ಆಮೇಲೆ ಟೈರಿನ ಆಕಾರ.

ಪ್ರಶ್ನೆ: ನಾವಿರುವುದು ಕೊಲೊರಾಡೊದ ಡೆನ್ವರ್‌ನಲ್ಲಿ. ಟೊಯೋಟಾ ಟಕೋಮಾ ಫೋರ್ ವೀಲ್ ಡ್ರೈವ್ ಪಿಕಪ್, ಟೈರಿನ ಅಳತೆ 265/65 ಆರ್ 17. ಚಳಿಗಾಲದ ವಾರಾಂತ್ಯಗಳಲ್ಲಿ ಐ-70 ಹೆದ್ದಾರಿ ಹಿಡಿದು ಸ್ಕೀ ಊರುಗಳಿಗೆ ಹೋಗುತ್ತೇವೆ. ಬೇಸಿಗೆಯಲ್ಲಿ ಕಾಡಿನ ಕಲ್ಲುದಾರಿ, ಕ್ಯಾಂಪಿಂಗ್. ಹಿಮದ ಗುರುತಿರುವ ಆಲ್ ಟೆರೇನ್ (ಎಲ್ಲ ಬಗೆಯ ದಾರಿಗೆ ಮಾಡಿದ) ಟೈರು ಒಂದೇ ಸೆಟ್ ಸಾಕೇ, ಎರಡು ಸೆಟ್ ಬೇಕೇ?
— ಡೆನ್ವರ್‌ನ ಓದುಗರು

ಉತ್ತರ: ಪ್ರತಿ ವಾರ ಬೆಟ್ಟ ಹತ್ತುವವರಿಗೆ ನಮ್ಮ ಸಲಹೆ ಎರಡು ಸೆಟ್. ಚಳಿಗಾಲದಲ್ಲಿ ಮೂರು ನಾಲ್ಕು ಸಲ ಮಾತ್ರ ಹೋಗುವವರಾದರೆ ಒಳ್ಳೆಯ ಆಲ್ ಟೆರೇನ್ ಒಂದೇ ಸಾಕು, ಆದರೆ ಮುಂದೆ ಹೇಳುವ ಒಂದು ಷರತ್ತಿದೆ.

ಮೊದಲು ಗುರುತುಗಳ ವಿಷಯ. ಟೈರಿನ ಪಕ್ಕದಲ್ಲಿ 'ಎಂ ಪ್ಲಸ್ ಎಸ್' ಎಂದು ಮಾತ್ರ ಇದ್ದರೆ ಅದು ಕೆಸರು ಮತ್ತು ಹಿಮ ಎಂಬ ಹೇಳಿಕೆಯಷ್ಟೇ. ಟ್ರೆಡ್ಡಿನಲ್ಲಿ (ನೆಲಕ್ಕೆ ತಾಗುವ, ರಬ್ಬರ್ ಬ್ಲಾಕು ಮತ್ತು ಸಂದುಗಳ ಮೇಲ್ಮೈಯಲ್ಲಿ) ಇಂತಿಷ್ಟು ಖಾಲಿ ಜಾಗ ಇದ್ದರೆ ಕಂಪನಿ ಅದನ್ನು ಅಚ್ಚೊತ್ತಬಹುದು. ಹಿಮದ ಮೇಲೆ ಓಡಿಸಿ ನೋಡಿರಬೇಕು ಎಂಬ ನಿಯಮವಿಲ್ಲ. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳು ಇರುವ ಗುರುತು ಬೇರೆ. ಅಮೆರಿಕ ಮತ್ತು ಕೆನಡಾದ ಟೈರು ತಯಾರಕರ ಸಂಘಗಳು 1999ರಲ್ಲಿ ಅದನ್ನು ತಂದವು. ಅದುಮಿದ ಹಿಮದ ಮೇಲೆ ಪರೀಕ್ಷೆ ಮಾಡಿ, ಹೋಲಿಕೆಗೆ ಇಟ್ಟ ಮಾಪಕ ಟೈರಿಗಿಂತ ಕನಿಷ್ಠ ಶೇ. 10ರಷ್ಟು ಹೆಚ್ಚು ಎಳೆತ ಕೊಟ್ಟ ಟೈರಿಗೆ ಮಾತ್ರ ಆ ಗುರುತು ಎಂದು ಗೊತ್ತುಮಾಡಿದರು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಿ. ಆ ಪರೀಕ್ಷೆ ಅಳೆಯುವುದು ಹಿಮದಲ್ಲಿ ಗಾಡಿ ಮುಂದಕ್ಕೆ ಎಳೆಯುವ ಶಕ್ತಿಯನ್ನು. ಬ್ರೇಕ್ ಹಾಕಿದಾಗ ಎಷ್ಟು ದೂರದಲ್ಲಿ ನಿಲ್ಲುತ್ತದೆ, ತಿರುವಿನಲ್ಲಿ ಹೇಗೆ ಹಿಡಿಯುತ್ತದೆ, ಮಂಜುಗಡ್ಡೆಯ ಮೇಲೆ ಏನಾಗುತ್ತದೆ, ಇವು ಅದರಲ್ಲಿಲ್ಲ. ಹೀಗಾಗಿ ಒಂದೇ ಗುರುತಿರುವ ಆಲ್ ಟೆರೇನ್ ಮತ್ತು ಅಸಲಿ ಹಿಮದ ಟೈರಿನ ನಡುವೆ ನಿಲ್ಲುವ ದೂರದಲ್ಲಿ ದೊಡ್ಡ ಅಂತರ ಇರಬಹುದು. ಹಿಮದ ಟೈರಿನ ರಬ್ಬರಿನಲ್ಲಿ ಸಿಲಿಕಾ ಹೆಚ್ಚು. ಉಷ್ಣಾಂಶ ಎಷ್ಟೇ ಇಳಿದರೂ ಅದು ಮೆದುವಾಗಿಯೇ ಇರುತ್ತದೆ. ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗೆ ಆರಿದ ಬೆಲ್ಲದ ಪಾಕದಂತೆ ಬಿರುಸಾಗುತ್ತಾ ಹೋಗುತ್ತದೆ. ಆಲ್ ಟೆರೇನ್ ಇವೆರಡರ ನಡುವಿನದು. ಕಲ್ಲಿಗೆ ಹರಿಯಬಾರದು ಎಂದು ಅದರ ರಬ್ಬರನ್ನು ಗಟ್ಟಿಯಾಗಿಯೇ ಮಾಡಿರುತ್ತಾರೆ.

ಈಗ ಆ ಷರತ್ತು. ಹೊಸ ಆಲ್ ಟೆರೇನ್ ಟೈರಿನ ಟ್ರೆಡ್ ಆಳ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇರುತ್ತದೆ. ಸವೆದು 5 ಮಿ.ಮೀ.ಗೆ ಬಂದಾಗ ಡಾಂಬರು ರಸ್ತೆಗೆ ಇನ್ನೂ ಸಾಕಷ್ಟು ಆಯುಸ್ಸಿದೆ, ಹಿಮಕ್ಕೆ ಮುಗಿಯಿತು. ಹಿಮವನ್ನು ಕಚ್ಚುವ ಕೂದಲೆಳೆಯಂಥ ಸೀಳುಗಳು ಅನೇಕ ಟೈರುಗಳಲ್ಲಿ ಟ್ರೆಡ್ಡಿನ ತಳದವರೆಗೆ ಇಳಿದಿರುವುದಿಲ್ಲ. ಅರ್ಧ ಸವೆದ ಮೇಲೆ ಬ್ಲಾಕುಗಳು ಬೋಳಾಗುತ್ತವೆ. ನಿಮ್ಮ ರಾಜ್ಯದ ಕಾನೂನು ಹೇಳುವುದೂ ಹತ್ತಿರಹತ್ತಿರ ಇದನ್ನೇ. ಐ-70ರಲ್ಲಿ ಡಾಟ್ಸೆರೊದಿಂದ ಮಾರಿಸನ್‌ವರೆಗೆ ಸೆಪ್ಟೆಂಬರ್ 1ರಿಂದ ಮೇ 31ರ ತನಕ ಫೋರ್ ವೀಲ್ ಡ್ರೈವ್ ಗಾಡಿಗೂ ಕನಿಷ್ಠ ಒಂದು ಇಂಚಿನ 3/16 ಭಾಗ, ಅಂದರೆ ಸುಮಾರು 4.8 ಮಿ.ಮೀ. ಟ್ರೆಡ್ ಇರಲೇಬೇಕು. ಟೈರು ಸರಿಯಿಲ್ಲದೆ ಸಿಕ್ಕಿಬಿದ್ದರೆ ದಂಡ 130 ಡಾಲರಿಗೂ ಮೇಲೆ. ಅದರಿಂದ ರಸ್ತೆ ಕಟ್ಟಿಕೊಂಡರೆ 650ಕ್ಕೂ ಮೇಲೆ. ಸುಮಾರು 3,400 ಮೀಟರ್ ಎತ್ತರದ ಐಸೆನ್‌ಹೋವರ್ ಸುರಂಗದ ಏರಿನಲ್ಲಿ ಒಂದು ಪಿಕಪ್ ಅಡ್ಡ ತಿರುಗಿದರೆ ಹಿಂದೆ ಸಾವಿರಾರು ಜನ ಚಳಿಯಲ್ಲಿ ಕೂರಬೇಕಾಗುತ್ತದೆ.

ಎರಡು ಸೆಟ್ ಮಾಡುವುದಾದರೆ ಹಿಮದ ಟೈರಿಗೆ ಬೇರೆ ರಿಮ್ಮನ್ನೇ ಕೊಳ್ಳಿ. ಒಂದೇ ರಿಮ್ಮಿಗೆ ವರ್ಷಕ್ಕೆರಡು ಸಲ ಬಿಚ್ಚಿ ಹಾಕಿದರೆ ಟೈರಿನ ಅಂಚಿನ ಬೀಡ್ ಹಾಳಾಗುತ್ತದೆ, ಕೂಲಿಯೂ ದಂಡ. ಹಗಲಿನ ಸರಾಸರಿ ಉಷ್ಣಾಂಶ 7 ಡಿಗ್ರಿಗೆ ಇಳಿಯುವ ಹೊತ್ತಿಗೆ ಹಾಕಿ, ವಸಂತದಲ್ಲಿ ಮತ್ತೆ ಏರಿದಾಗ ತೆಗೆಯಿರಿ. ಬೇಸಿಗೆಯಲ್ಲೂ ಹಿಮದ ಟೈರನ್ನೇ ಓಡಿಸಿದರೆ ಮೆದು ರಬ್ಬರ್ ಬಿಸಿ ಡಾಂಬರಿನಲ್ಲಿ ಬೇಗ ಸವೆದುಹೋಗುತ್ತದೆ. ಹಳೆಯ ಹಿಮದ ಟೈರು ಕೊಳ್ಳುವಾಗಲೂ ಎಚ್ಚರ: ಕೆಲವು ಮಾದರಿಗಳಲ್ಲಿ ವಿಶೇಷ ರಬ್ಬರ್ ಇರುವುದು ಟ್ರೆಡ್ಡಿನ ಮೇಲಿನ ಅರ್ಧಕ್ಕೆ ಮಾತ್ರ, ಕೆಳಗಿನದು ಮಾಮೂಲಿ.

ಪ್ರಶ್ನೆ: ಕ್ಯಾಲ್ಗರಿಯಲ್ಲಿದ್ದೇನೆ, ಫೋರ್ಡ್ ಎಫ್-150 ಪಿಕಪ್. ಗೆಳೆಯರೆಲ್ಲ ಮಡ್ ಟೆರೇನ್ (ಕೆಸರಿನ ಟೈರು) ಹಾಕಿಸಿಕೊಂಡಿದ್ದಾರೆ. ಅಷ್ಟು ದಪ್ಪ ಬಟನ್ ಇರುವ ಟೈರು ಹಿಮದಲ್ಲೂ ಚೆನ್ನಾಗಿ ಹಿಡಿಯಬೇಕಲ್ಲವೇ? ರೋಜರ್ಸ್ ಪಾಸ್ ಬೆಟ್ಟದಾರಿ ದಾಟಿ ಬ್ರಿಟಿಷ್ ಕೊಲಂಬಿಯಾಕ್ಕೆ ಆಗಾಗ ಹೋಗುವುದಿದೆ.
— ಕ್ಯಾಲ್ಗರಿಯ ಓದುಗರು

ಉತ್ತರ: ಆಗ ತಾನೇ ಬಿದ್ದ, ಮೊಣಕಾಲುದ್ದದ ಒದ್ದೆ ಹಿಮದಲ್ಲಿ ಕಾಡುದಾರಿಯಲ್ಲಿ ಹೋಗುವುದಾದರೆ ಹೌದು. ಅಲ್ಲಿ ದೊಡ್ಡ ಬಟನ್ ಅಗೆದುಕೊಂಡು ಹೋಗುತ್ತದೆ. ಹೆದ್ದಾರಿಯಲ್ಲಿ ಇಲ್ಲ.

ಕಾರಣ ಹೀಗಿದೆ. ಸಾವಿರಾರು ಗಾಡಿ ಓಡಾಡಿದ ಹಿಮ ಗಟ್ಟಿ ಹಾಸಾಗಿರುತ್ತದೆ. ಅಲ್ಲಿ ಟೈರು ಹಿಡಿಯುವುದು ಎರಡು ರೀತಿ. ಒಂದು, ಬ್ಲಾಕುಗಳ ಮೇಲಿನ ನೂರಾರು ಸಣ್ಣ ಸೀಳುಗಳ ಅಂಚು ಮೇಲ್ಮೈಯನ್ನು ಕಚ್ಚುತ್ತದೆ. ಇನ್ನೊಂದು, ಟ್ರೆಡ್ಡಿನ ಸಂದುಗಳಲ್ಲಿ ತುಂಬಿಕೊಂಡ ಹಿಮ ರಸ್ತೆಯ ಹಿಮಕ್ಕೆ ಅಂಟುತ್ತದೆ. ಹಿಮಕ್ಕೆ ಹಿಮದಷ್ಟು ಚೆನ್ನಾಗಿ ರಬ್ಬರ್ ಅಂಟುವುದಿಲ್ಲ. ಮಡ್ ಟೆರೇನ್‌ನ ಹೆಗ್ಗಳಿಕೆಯೇ ಸಂದಿನಲ್ಲಿ ಏನೂ ನಿಲ್ಲದಂತೆ ಕೊಡವಿಹಾಕುವುದು. ಕೆಸರಿಗೆ ಅದು ಬೇಕು, ಹಿಮಕ್ಕೆ ಅದೇ ಕೆಡಕು. ಮೇಲಾಗಿ ಅದರ ಬಟನ್‌ಗಳ ಮೇಲೆ ಸೀಳು ಕಡಿಮೆ, ನೆಲಕ್ಕೆ ತಾಗುವ ರಬ್ಬರಿನ ಒಟ್ಟು ಜಾಗವೂ ಕಡಿಮೆ, ಆ ರಬ್ಬರೂ ಬಿರುಸು. ಮಂಜುಗಡ್ಡೆಯ ಮೇಲೆ ಅದು ಮರದ ತುಂಡಿಗೆ ಸಮ.

ಮಂಜುಗಡ್ಡೆಯಲ್ಲೂ ಅತಿ ಕೆಟ್ಟದ್ದು ಸೊನ್ನೆ ಡಿಗ್ರಿಯ ಆಸುಪಾಸಿನದು. ಚಕ್ರದ ಒತ್ತಡಕ್ಕೂ ಉಜ್ಜಾಟಕ್ಕೂ ಮೇಲೆ ತೆಳುವಾದ ನೀರಿನ ಪದರ ಏಳುತ್ತದೆ. ಟೈರು ಆ ನೀರಿನ ಮೇಲೆ ಜಾರುತ್ತದೆ. ಹಿಮದ ಟೈರಿನ ಸೀಳುಗಳು ಮತ್ತು ರಂಧ್ರಮಯ ರಬ್ಬರ್ ಆ ಪದರವನ್ನು ಹೀರಿಕೊಳ್ಳುತ್ತವೆ. ಮೈನಸ್ 20ರಲ್ಲಿ ಮಂಜು ಒಣಗಿ ಗಟ್ಟಿಯಾಗಿರುವಾಗ, ಆಶ್ಚರ್ಯವೆನಿಸಿದರೂ, ಹಿಡಿತ ಇದಕ್ಕಿಂತ ಉತ್ತಮ.

ಅಗಲದ ಮಾತೂ ಇಲ್ಲಿಯೇ ಹೇಳಿಬಿಡುತ್ತೇವೆ. ರಸ್ತೆಯ ಹಿಮಕ್ಕೆ ಕಂಪನಿ ಕೊಟ್ಟ ಅಳತೆ ಅಥವಾ ಅದಕ್ಕಿಂತ ಒಂದು ಹಂತ ಕಿರಿದು ಒಳ್ಳೆಯದು. ಕಿರಿದಾದ ಟೈರು ಸಡಿಲ ಹಿಮವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ, ಅಗಲದ್ದು ಮೇಲೇರಿ ತೇಲುತ್ತದೆ. ಐಸ್‌ಲ್ಯಾಂಡಿನ ಹಿಮನದಿಗಳ ಮೇಲೆ ಓಡುವ ಜೀಪುಗಳು 38 ಇಂಚು, 44 ಇಂಚಿನ ಟೈರಿಗೆ ಬರೀ ಮೂರು ನಾಲ್ಕು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿಯನ್ನಷ್ಟೇ ಉಳಿಸಿಕೊಂಡು ತೇಲಿಕೊಂಡೇ ಹೋಗುತ್ತವೆ, ಏಕೆಂದರೆ ಅಲ್ಲಿ ಮುಟ್ಟಲು ತಳವೇ ಇಲ್ಲ. ನಿಮ್ಮ ದಾರಿ ಅಂಥದ್ದಲ್ಲ.

ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಎಂ ಪ್ಲಸ್ ಎಸ್ ಅಥವಾ ಹಿಮಹರಳಿನ ಗುರುತು, ಕನಿಷ್ಠ 3.5 ಮಿ.ಮೀ. ಟ್ರೆಡ್ ಕಡ್ಡಾಯ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಹಿಮಹರಳಿನ ಗುರುತೇ ಬೇಕು. ಅಂದಹಾಗೆ, ಹಿಮದ ಟೈರು ಮೊದಲು ಹುಟ್ಟಿದ್ದೇ ಟ್ರಕ್ಕಿಗಾಗಿ: 1934ರಲ್ಲಿ ಫಿನ್‌ಲ್ಯಾಂಡಿನಲ್ಲಿ, ಇಂದು ನೋಕಿಯನ್ ಎಂದು ಕರೆಯುವ ಕಂಪನಿ ಅದನ್ನು ತಯಾರಿಸಿತು. ಕಾರಿನ ಸರದಿ ಬಂದದ್ದು ಆಮೇಲೆ.

ಪ್ರಶ್ನೆ: ದುಡ್ಡು ಉಳಿಸಲು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹಿಮದ ಟೈರು ಹಾಕಿಸಬಹುದೇ? ನಮ್ಮ ಪಿಕಪ್‌ನಲ್ಲಿ ಹಿಂದಿನ ಚಕ್ರ ತಾನೇ ಎಳೆಯುವುದು?
— ಮಿನಿಯಾಪೊಲಿಸ್‌ನ ಓದುಗರು

ಉತ್ತರ: ಬೇಡ. ಎಳೆಯುವುದು ಹಿಂದಿನ ಚಕ್ರವಾದರೂ ತಿರುಗಿಸುವುದು, ಬ್ರೇಕಿನ ಹೆಚ್ಚಿನ ಹೊರೆ ಹೊರುವುದು ಮುಂದಿನವು. ಗಾಡಿ ಹೊರಡುತ್ತದೆ, ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ನೇರ ಹೋಗುತ್ತದೆ. ಫೋರ್ ವೀಲ್ ಡ್ರೈವ್‌ನಲ್ಲಿ ಮುಂದೆ ಒಂದು ಸುತ್ತಳತೆ, ಹಿಂದೆ ಇನ್ನೊಂದು ಆದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರು ಪೆಟ್ಟಿಗೆ) ತಿರುಚಿಕೊಂಡು ಕೆಡುತ್ತದೆ. ನಾಲ್ಕೂ ಒಂದೇ ಇರಲಿ.

ಖಾಲಿ ಪಿಕಪ್‌ನ ಹಿಂಭಾಗ ಹಗುರವಾಗಿ ಬಾಲ ಬೀಸುವುದು ನಿಜ. ಅದಕ್ಕೆ 25 ಕಿಲೋ ತೂಕದ ನಾಲ್ಕು ಮರಳು ಮೂಟೆಗಳನ್ನು ಹಿಂದಿನ ಆಕ್ಸಲ್‌ನ ನೇರ ಮೇಲೆ ಇಟ್ಟು ಹಗ್ಗದಲ್ಲಿ ಬಿಗಿಯಿರಿ. ತೀರಾ ಹಿಂದಿನ ಬಾಗಿಲಿನ ಬಳಿ ಇಟ್ಟರೆ ಮುಂಭಾಗ ಎದ್ದು ಸ್ಟಿಯರಿಂಗ್ ಹಗುರವಾಗುತ್ತದೆ. ಸಿಕ್ಕಿಹಾಕಿಕೊಂಡಾಗ ಚಕ್ರದಡಿ ಎರಚಲೂ ಅದೇ ಮರಳು ಆಗುತ್ತದೆ.

ಪ್ರಶ್ನೆ: ಅಂಗಡಿಯವರು 'ಎಲ್‌ಟಿ, ಲೋಡ್ ರೇಂಜ್ ಇ' ಟೈರು ತೆಗೆದುಕೊಳ್ಳಿ, ಹತ್ತು ಪದರದ ಗಟ್ಟಿ ಮಾಲು ಎನ್ನುತ್ತಾರೆ. ಸಾಧಾರಣ ಪಿಕಪ್‌ಗೆ ಅದು ಬೇಕೇ?
— ಡಲ್ಲಾಸ್‌ನ ಓದುಗರು

ಉತ್ತರ: ಭಾರದ ಟ್ರೇಲರ್ ಎಳೆಯುವುದಿಲ್ಲ, ಚೂಪು ಕಲ್ಲಿನ ದಾರಿಗೆ ಹೋಗುವುದಿಲ್ಲ ಎಂದಾದರೆ ಬೇಡ.

ಟೈರಿನ ಅಳತೆಯ ಮುಂದೆ 'ಪಿ' ಇದ್ದರೆ ಕಾರಿನ ವರ್ಗ, 'ಎಲ್‌ಟಿ' ಇದ್ದರೆ ಲಘು ಟ್ರಕ್ಕಿನ ವರ್ಗ. ಲೋಡ್ ರೇಂಜ್ ಸಿ ಎಂದರೆ ಆರು ಪದರಕ್ಕೆ ಸಮನಾದ ಶಕ್ತಿ, ಸಾಮಾನ್ಯವಾಗಿ 50 ಪಿಎಸ್‌ಐವರೆಗೆ. ಡಿ ಎಂಟು, 65. ಇ ಹತ್ತು, 80. ಈಗಿನ ರೇಡಿಯಲ್ ಟೈರಿನಲ್ಲಿ ನಿಜಕ್ಕೂ ಹತ್ತು ಪದರ ಇರುವುದಿಲ್ಲ, ಅದು ಹಳೆಯ ಲೆಕ್ಕದ ಹೆಸರು. 112 ಎಂಬ ಲೋಡ್ ಇಂಡೆಕ್ಸ್ ಇರುವ ಟೈರು 1,120 ಕಿಲೋ ಹೊರುತ್ತದೆ, 121 ಇದ್ದರೆ 1,450. 'ಪಿ' ಟೈರನ್ನು ಪಿಕಪ್‌ಗೆ ಹಾಕಿದಾಗ ಆ ಅಂಕಿಯನ್ನು 1.1ರಿಂದ ಭಾಗಿಸಬೇಕು, 1,120 ಕಿಲೋ 1,018ಕ್ಕೆ ಇಳಿಯುತ್ತದೆ. ಈ ಭಾಗಾಕಾರವನ್ನು ಅಂಗಡಿಯಲ್ಲಿ ಯಾರೂ ಮಾಡಿ ತೋರಿಸುವುದಿಲ್ಲ, ನೀವೇ ಮಾಡಿಕೊಳ್ಳಿ.

ಜನ ತಪ್ಪುವುದು ಗಾಳಿಯಲ್ಲಿ. ಎಲ್‌ಟಿ ಟೈರು ಹಾಕಿಸಿ, ಬಾಗಿಲಿನ ಸ್ಟಿಕರ್‌ನಲ್ಲಿದ್ದ ಹಳೆಯ 'ಪಿ' ಟೈರಿನ ಗಾಳಿಯನ್ನೇ ತುಂಬಿದರೆ ಅದು ಅಷ್ಟೇ ಭಾರ ಹೊರುವುದಿಲ್ಲ. ಎಲ್‌ಟಿಗೆ ಅದೇ ಭಾರಕ್ಕೆ ಹೆಚ್ಚು ಗಾಳಿ ಬೇಕು. ಎಷ್ಟೆಂಬುದನ್ನು ಆ ಅಳತೆಯ ಭಾರ–ಗಾಳಿ ಪಟ್ಟಿಯಲ್ಲೇ ನೋಡಬೇಕು. ಗಾಳಿ ಕಡಿಮೆಯಾದರೆ ಪಕ್ಕ ಬಾಗಿ ಬಾಗಿ ಬಿಸಿಯೇರಿ, ಟೆಕ್ಸಸ್ಸಿನ ಬೇಸಿಗೆಯ ಹೆದ್ದಾರಿಯಲ್ಲಿ ಪದರ ಬಿಡುತ್ತದೆ. ಹಾಗೆಂದು 80 ತುಂಬಿಸಿದರೆ ಖಾಲಿ ಗಾಡಿ ಕುಣಿಯುತ್ತದೆ, ಟ್ರೆಡ್ಡಿನ ನಡುಭಾಗ ಮಾತ್ರ ಸವೆಯುತ್ತದೆ, ಹಿಮದಲ್ಲಿ ಹಿಡಿತ ಇನ್ನೂ ತಗ್ಗುತ್ತದೆ. ಗಟ್ಟಿ ಮಾಲು ಎಲ್ಲ ಕಡೆಗೂ ಒಳ್ಳೆಯದೆಂಬ ಮಾತನ್ನು ನಾವು ಒಪ್ಪುವುದಿಲ್ಲ.

ಪ್ರಶ್ನೆ: ಬೆಂಗಳೂರಿನಿಂದ ಇಸುಝು ವಿ-ಕ್ರಾಸ್ ಪಿಕಪ್‌ನಲ್ಲಿ ಮನಾಲಿ ದಾರಿಯಾಗಿ ಲೇಹ್‌ಗೆ ಹೊರಡುತ್ತಿದ್ದೇವೆ. ದಾರಿ ತೆರೆದ ಕೂಡಲೇ, ಜೂನ್ ಮೊದಲಲ್ಲಿ. ಟೈರು ಬದಲಿಸಬೇಕೇ? ಎತ್ತರದ ಪಾಸುಗಳಲ್ಲಿ ಗಾಳಿ ಇಳಿಸಬೇಕು ಎನ್ನುತ್ತಾರಲ್ಲ, ಎಷ್ಟು?
— ಬೆಂಗಳೂರಿನ ಓದುಗರು

ಉತ್ತರ: ಹೋಗಿಬರಲು ಆರು ಸಾವಿರ ಕಿಲೋಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ನಾಗಪುರ, ಝಾನ್ಸಿ ಕಡೆಯ ಕಾದ ಹೆದ್ದಾರಿ. ಹಿಮ ಸಿಗುವುದು ಕೆಲವೇ ಕಿಲೋಮೀಟರ್. ಈ ಲೆಕ್ಕಕ್ಕೆ ಸರಿಹೊಂದುವುದು ಆಲ್ ಟೆರೇನ್. ಸಿಯೆಟ್, ಅಪೊಲೊ, ಎಂಆರ್‌ಎಫ್, ಜೆಕೆ, ಯೊಕೊಹಾಮಾ ಎಲ್ಲರಲ್ಲೂ ಆಲ್ ಟೆರೇನ್ ಇದೆ; ನಿಮ್ಮ ರಿಮ್ಮಿನ ಅಳತೆಗೆ ಯಾವುದು ಸಿಗುತ್ತದೆ, ಅದರಲ್ಲಿ ಹಿಮಹರಳಿನ ಗುರುತು ಇದೆಯೇ ಎಂದು ಪಕ್ಕವನ್ನು ಓದಿ ಕೊಳ್ಳಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರು ಆಮದಿಗೆ ನಿರ್ಬಂಧ ಹಾಕಿದ ಮೇಲೆ ಕೆಲವು ವಿದೇಶಿ ಅಳತೆಗಳು ಸುಲಭಕ್ಕೆ ಸಿಗುವುದಿಲ್ಲ. ದಾರಿಯಲ್ಲಿ ಒಂದು ಹರಿದರೆ ಅದೇ ಟೈರು ಚಂಡೀಗಢದಲ್ಲಿ ಸಿಗುವಂತಿರಲಿ. ಈಗಿರುವ ರಸ್ತೆ ಟೈರು 6 ಮಿ.ಮೀ.ಗಿಂತ ಹೆಚ್ಚು ಉಳಿದಿದ್ದರೆ ಜೂನ್ ಪ್ರವಾಸಕ್ಕೆ ಅದೂ ನಡೆಯುತ್ತದೆ, ಚೈನ್ (ಟೈರಿಗೆ ಕಟ್ಟುವ ಸರಪಳಿ) ಮಾತ್ರ ಜೊತೆಗಿರಲಿ.

ಗಾಳಿಯ ವಿಷಯದಲ್ಲಿ ಒಂದು ಲೆಕ್ಕ ಮಾಡಿ ನೋಡೋಣ. ಮೇಲೆ ಹೋದಂತೆ ಹೊರಗಿನ ವಾಯುಭಾರ ಇಳಿಯುತ್ತದೆ: ಮನಾಲಿಯಲ್ಲಿ ಸುಮಾರು 11.5 ಪಿಎಸ್‌ಐ, 5,300 ಮೀಟರ್ ಎತ್ತರದಲ್ಲಿ ಸುಮಾರು 7.5. ಗಾಳಿ ಅಳೆಯುವ ಮೀಟರು ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. ಹಾಗಾಗಿ ಎತ್ತರದಿಂದ 4 ಪಿಎಸ್‌ಐ ಏರಬೇಕು. ಆದರೆ ಮನಾಲಿಯಲ್ಲಿ 25 ಡಿಗ್ರಿ ಇದ್ದಾಗ 35 ತುಂಬಿಸಿದ ಟೈರು ಮೇಲೆ ಮೈನಸ್ 5ಕ್ಕೆ ತಣಿಯುತ್ತದೆ. ಒಳಗಿನ ಒಟ್ಟು ಒತ್ತಡ 46.5ರಿಂದ 42ರ ಹತ್ತಿರಕ್ಕೆ ಬರುತ್ತದೆ. ಅದರಲ್ಲಿ 7.5 ಕಳೆಯಿರಿ: ಮೀಟರಿನಲ್ಲಿ 34. ಒಂದು ಏರಿಸಿದ್ದನ್ನು ಇನ್ನೊಂದು ಇಳಿಸುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ, ಓಡಿ ಬಿಸಿಯಾದ ಟೈರಿನಲ್ಲಿ 39, 40 ಕಂಡು ಗಾಬರಿಯಾಗಿ ಗಾಳಿ ಬಿಟ್ಟವರು ಬೆಳಗಿನ ಚಳಿಗೆ 28 ಕಾಣುತ್ತಾರೆ. ಆಮೇಲೆ ಕಲ್ಲಿಗೆ ಬಡಿದು ರಿಮ್ಮಿನ ಅಂಚಿನಲ್ಲಿ ಟೈರು ಸೀಳುವುದು ಇಂಥ ಗಾಡಿಗಳಲ್ಲೇ. ಬೆಳಿಗ್ಗೆ, ಗಾಡಿ ಹೊರಡುವ ಮುನ್ನ, ತಣ್ಣಗಿದ್ದಾಗ ಮಾತ್ರ ಅಳೆಯಿರಿ. ಪ್ರತಿ 5–6 ಡಿಗ್ರಿ ಚಳಿಗೆ ಸುಮಾರು 1 ಪಿಎಸ್‌ಐ ಇಳಿಯುತ್ತದೆಂಬ ಲೆಕ್ಕ ಎಲ್ಲೆಡೆ ಉಪಯೋಗಕ್ಕೆ ಬರುತ್ತದೆ.

ಹಿಮಕ್ಕಿಂತ ಹೆಚ್ಚು ಕಾಡುವುದು ರಸ್ತೆಗೆ ಅಡ್ಡ ಹರಿಯುವ ನಾಲೆಗಳು. ಮಧ್ಯಾಹ್ನ ಹಿಮ ಕರಗಿ ನೀರು ಏರುತ್ತದೆ, ರಾತ್ರಿ ಅದೇ ನೀರು ಡಾಂಬರಿನ ಮೇಲೆ ಕಪ್ಪು ಮಂಜುಗಡ್ಡೆಯಾಗುತ್ತದೆ. ಕಣ್ಣಿಗೆ ಅದು ಒದ್ದೆ ರಸ್ತೆಯಂತೆಯೇ ಕಾಣುತ್ತದೆ. ಮುಂದಿನ ಗಾಡಿಯ ಚಕ್ರದಿಂದ ನೀರು ಸಿಡಿಯುತ್ತಿಲ್ಲ ಎಂದರೆ ಅದು ಒದ್ದೆಯಲ್ಲ, ಮಂಜು. ಹಾಗಾಗಿ ನಾಲೆಯನ್ನು ಬೆಳಿಗ್ಗೆ ನೀರು ಕಡಿಮೆಯಿದ್ದಾಗ, ಆದರೆ ಬಿಸಿಲು ತಾಗಿದ ಮೇಲೆ ದಾಟುವುದು ಮೇಲು. ದಾಟಿದ ನಂತರ ಬ್ರೇಕನ್ನು ಮೆಲ್ಲಗೆ ಒತ್ತಿ ಒಣಗಿಸಿ. ಆ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಬೇಡಿ. ಒದ್ದೆ ಶೂ ಡ್ರಮ್ಮಿಗೆ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಹಿಮ ಬಿದ್ದ ದಿನ ಮನಾಲಿಯಿಂದ ಅಟಲ್ ಸುರಂಗದ ಕಡೆಗೆ ಪೊಲೀಸರು ಸಾಮಾನ್ಯವಾಗಿ ಫೋರ್ ವೀಲ್ ಡ್ರೈವ್ ಅಥವಾ ಚೈನ್ ಕಟ್ಟಿದ ಗಾಡಿಗಳನ್ನಷ್ಟೇ ಬಿಡುತ್ತಾರೆ. ಚೈನನ್ನು ನಿಮ್ಮ ಟೈರಿನ ಅಳತೆಗೆ ಸರಿಯಾಗಿ ಕೊಂಡು, ಬೆಂಗಳೂರಿನಲ್ಲೇ ಮನೆ ಮುಂದೆ ಎರಡು ಸಲ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ. ನೆಲದ ಮೇಲೆ ಹರಡಿ ತಿರುಚು ಬಿಡಿಸಿ. ಅಡ್ಡ ಸರಪಳಿಯ ಕೊಕ್ಕೆಗಳ ಬಾಯಿ ಟೈರಿನ ಕಡೆಗಿರಬಾರದು, ಹೊರಮುಖವಾಗಿರಬೇಕು. ಇಲ್ಲದಿದ್ದರೆ ಅದೇ ಸೈಡ್‌ವಾಲ್ (ಟೈರಿನ ಪಕ್ಕ) ಕೊರೆಯುತ್ತದೆ. ಟೈರಿನ ಮೇಲೆ ಹೊದಿಸಿ, ಗಾಡಿಯನ್ನು ಚಕ್ರದ ಮೂರನೇ ಒಂದು ಸುತ್ತಿನಷ್ಟು ಮುಂದೆ ಬಿಟ್ಟು, ಮೊದಲು ಒಳಬದಿಯ ಕೊಕ್ಕೆ, ಆಮೇಲೆ ಹೊರಬದಿಯದು. ನೂರು ಮೀಟರ್ ಓಡಿಸಿ ನಿಲ್ಲಿಸಿ ಮತ್ತೆ ಬಿಗಿ ಮಾಡಿ. ಎಲ್ಲರೂ ಬಿಡುವುದು ಈ ಕೊನೆಯ ಹೆಜ್ಜೆಯನ್ನೇ. ಸಡಿಲಾದ ಚೈನ್ ಬೀಸಿ ಬ್ರೇಕ್ ಪೈಪನ್ನು ಕಡಿಯುತ್ತದೆ. ವೇಗ 40 ಕಿ.ಮೀ. ದಾಟಬಾರದು, ಹಿಮ ಮುಗಿದ ತಕ್ಷಣ ಬಿಚ್ಚಬೇಕು. ಯಾವ ಚಕ್ರಕ್ಕೆ ಎಂಬುದನ್ನು ಗಾಡಿಯ ಕೈಪಿಡಿ ನೋಡಿ. ಮುಂದಿನ ಚಕ್ರದ ಒಳಗಡೆ ಎಲ್ಲ ಗಾಡಿಗಳಲ್ಲೂ ಜಾಗ ಇರುವುದಿಲ್ಲ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಟೂ ವೀಲ್ ಡ್ರೈವ್ ಪಿಕಪ್ ಇದೆ. ಜುಲೈ ಬಂತೆಂದರೆ ಗೊಬ್ಬರದ ಮೂಟೆ ಹೇರಿಕೊಂಡು ಏರು ಹತ್ತುವುದಿಲ್ಲ, ಚಕ್ರ ನಿಂತಲ್ಲೇ ಸುತ್ತುತ್ತದೆ. ಟೈರು ಬದಲಿಸಿದರೆ ಸರಿಹೋದೀತೇ?
— ಸಕಲೇಶಪುರದ ಓದುಗರು

ಉತ್ತರ: ಬಹಳಷ್ಟು ಸರಿಹೋಗುತ್ತದೆ. ದೊಡ್ಡ ಬಟನ್ ಟೈರಿಗೆ ನಿಜವಾದ ಜಾಗ ನಿಮ್ಮಂಥ ದಾರಿ. ಜಿಗುಟು ಕೆಂಪು ಮಣ್ಣು ರಸ್ತೆ ಟೈರಿನ ಸಣ್ಣ ಸಂದುಗಳಲ್ಲಿ ಕೂತು, ಎರಡೇ ಸುತ್ತಿಗೆ ಟೈರು ಬೋಳು ಉರುಳೆಯಾಗುತ್ತದೆ. ಮಡ್ ಟೆರೇನ್‌ನ ಅಗಲ ಸಂದುಗಳು ಸುತ್ತುವ ಬಿರುಸಿಗೆ ಮಣ್ಣನ್ನು ಹೊರಗೆಸೆಯುತ್ತವೆ. ತೀರಾ ನಿಧಾನವಾಗಿ ಸುತ್ತಿದರೆ ಈ ಕೊಡವುವಿಕೆ ಆಗುವುದಿಲ್ಲ. ಎರಡನೇ ಗೇರಿನಲ್ಲಿ ಒಂದೇ ಸಮನೆ ಸುತ್ತು ಇರುವಂತೆ, ನಡುವೆ ನಿಲ್ಲಿಸದೆ ಹತ್ತಿಸಿ. ಗಾಡಿ ಮುಂದೆ ಹೋಗುವುದು ನಿಂತ ಕ್ಷಣ ಆಕ್ಸಿಲರೇಟರ್ ಬಿಡಿ. ಮುಂದುವರಿಸಿದರೆ ಚಕ್ರ ಗುಂಡಿ ತೋಡಿ ಡಿಫರೆನ್ಶಿಯಲ್ ನೆಲಕ್ಕೆ ಕೂರುತ್ತದೆ, ಆಮೇಲೆ ಟ್ರ್ಯಾಕ್ಟರೇ ಗತಿ.

ನೀವು ವಾರಕ್ಕೊಮ್ಮೆ ಹಾಸನಕ್ಕೆ ಹೋಗಿಬರುವುದಾದರೆ ಮಡ್ ಟೆರೇನ್ ಬದಲು ಒರಟು ಮಾದರಿಯ ಆಲ್ ಟೆರೇನ್ ತೆಗೆದುಕೊಳ್ಳಿ. ಮಳೆಗಾಲದ ಹೆದ್ದಾರಿಯಲ್ಲಿ ಒದ್ದೆ ಡಾಂಬರಿನ ಮೇಲೆ ಬಟನ್ ಟೈರಿನ ಬ್ರೇಕು ಬಹಳ ದೂರ ಎಳೆಯುತ್ತದೆ.

ಗಾಳಿ ಇಳಿಸುವ ಉಪಾಯ ನಿಮಗೆ ಪೂರ್ತಿ ಒಪ್ಪುವುದಿಲ್ಲ. ಖಾಲಿ ಜೀಪಾದರೆ 35ರಿಂದ 20–22ಕ್ಕೆ ಇಳಿಸಿದಾಗ ಟೈರು ಉದ್ದಕ್ಕೆ ಹರಡಿಕೊಂಡು ಹಿಡಿತ ಎದ್ದು ಕಾಣುವಷ್ಟು ಹೆಚ್ಚುತ್ತದೆ. 15ರ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುತ್ತದೆ. ಮೂಟೆ ಹೇರಿದ ಪಿಕಪ್‌ನಲ್ಲಿ ಹಿಂದಿನ ಟೈರಿನ ಗಾಳಿ ಇಳಿಸಿದರೆ ಸೈಡ್‌ವಾಲ್ ಹಿಸುಕಿ ಒಡೆಯುತ್ತದೆ. ಅದರ ಬದಲು ಮಲೆನಾಡಿನ ಜೀಪಿನವರು ಮಳೆಗಾಲಕ್ಕೆ ಮಾಡುವಂತೆ ಹಿಂದಿನ ಚಕ್ರಕ್ಕೆ ಚೈನ್ ಕಟ್ಟಿ. ಟೂ ವೀಲ್ ಡ್ರೈವ್ ಗಾಡಿಗೆ ಕೆಸರಿನ ಏರಿನಲ್ಲಿ ಇದಕ್ಕಿಂತ ಅಗ್ಗದ ಪರಿಹಾರವಿಲ್ಲ. ಮೂಟೆಯ ಭಾರ ಆಕ್ಸಲ್‌ನ ಮೇಲೆ ಅಥವಾ ತುಸು ಮುಂದೆ ಬೀಳುವಂತೆ ಹೇರಿ. ದಾರಿಯ ಆ ಏರಿನಲ್ಲಿ ನೀರು ಹರಿಯಲು ಅಡ್ಡ ಚರಂಡಿ ತೆಗೆಸಿ, ದಪ್ಪ ಜಲ್ಲಿ ಹಾಕಿಸುವುದು ಇನ್ನೂ ಮೇಲು.

ಪ್ರಶ್ನೆ: ಹತ್ತು ಚಕ್ರದ ಲಾರಿ ಓಡಿಸುತ್ತೇವೆ. ಶ್ರೀನಗರ, ಒಮ್ಮೊಮ್ಮೆ ಕಾರ್ಗಿಲ್‌ವರೆಗೂ ಲೋಡ್ ಸಿಗುತ್ತದೆ. ರೀಸೋಲ್ (ಸವೆದದ್ದಕ್ಕೆ ಹೊಸ ಟ್ರೆಡ್ ಅಂಟಿಸಿದ) ಟೈರು ಆ ಕಡೆಗೆ ನಡೆಯುತ್ತದೆಯೇ?
— ದಾವಣಗೆರೆಯ ಓದುಗರು

ಉತ್ತರ: ಮುಂದಿನ ಎರಡಕ್ಕೆ ಬೇಡವೇ ಬೇಡ, ಅಲ್ಲಿ ರಿಬ್ (ಉದ್ದ ಗೆರೆಗಳ) ಮಾದರಿಯ ಹೊಸ ಟೈರೇ ಇರಲಿ. ಹಿಂದೆ ಡ್ರೈವ್ ಆಕ್ಸಲ್‌ಗೆ ಲಗ್ (ದಪ್ಪ ಅಡ್ಡ ಬಟನ್‌ಗಳ) ಮಾದರಿ. ಒಳ್ಳೆಯ ಕೇಸಿಂಗ್ (ಟ್ರೆಡ್ಡಿನಡಿಯ ಟೈರಿನ ಮೈ) ಇರುವ ರೀಸೋಲ್ ಅಲ್ಲಿ ನಡೆಯುತ್ತದೆ. ಜೋಡಿ ಚಕ್ರಗಳಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಬೇಡಿ. ಎರಡರ ವ್ಯಾಸದಲ್ಲಿ 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ದೊಡ್ಡದು ಭಾರವನ್ನೆಲ್ಲ ಹೊತ್ತು ಬಿಸಿಯೇರುತ್ತದೆ, ಚಿಕ್ಕದು ಉಜ್ಜಿ ಸವೆಯುತ್ತದೆ.

ಝೋಜಿ ಲಾದಂಥ ಕಚ್ಚಾ ದಾರಿ ಇಳಿದ ಮೇಲೆ ಜೋಡಿ ಚಕ್ರದ ನಡುವೆ ಟಾರ್ಚ್ ಬಿಟ್ಟು ನೋಡಿ. ಮುಷ್ಟಿ ಗಾತ್ರದ ಕಲ್ಲು ಸಿಕ್ಕಿಕೊಂಡು ಎರಡೂ ಟೈರಿನ ಒಳಪಕ್ಕವನ್ನು ಏಕಕಾಲಕ್ಕೆ ಕೊರೆಯುತ್ತಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅದನ್ನು ಲಿವರ್‌ನಿಂದ ಮೀಟುವ ಮೊದಲು ಗಾಳಿ ಸ್ವಲ್ಪ ಇಳಿಸಿದರೆ ಸಲೀಸಾಗಿ ಬರುತ್ತದೆ.

ಖಾಲಿ ಲಾರಿ ಹಿಮದ ಏರಿನಲ್ಲಿ ಜಾರಿದರೆ, ಎತ್ತಬಹುದಾದ ಆಕ್ಸಲ್ ಇರುವ ಗಾಡಿಯಲ್ಲಿ ಅದನ್ನು ಮೇಲೆತ್ತಿ. ಭಾರವೆಲ್ಲ ಡ್ರೈವ್ ಚಕ್ರಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಎಕ್ಸಾಸ್ಟ್ ಬ್ರೇಕನ್ನು ಮಂಜುಗಡ್ಡೆಯ ಮೇಲೆ ಬಳಸಬೇಡಿ. ಅದು ಹಿಡಿಯುವುದು ಡ್ರೈವ್ ಚಕ್ರವನ್ನು ಮಾತ್ರ, ಹಿಂಭಾಗ ಪಕ್ಕಕ್ಕೆ ಬರುತ್ತದೆ. ಚೈನ್ ಇದ್ದರೆ ಡ್ರೈವ್ ಆಕ್ಸಲ್‌ನ ಹೊರಗಿನ ಚಕ್ರಗಳಿಗೆ ಕಟ್ಟಿ.

ಪ್ರಶ್ನೆ: ನನ್ನ ಥಾರ್‌ಗೆ 245/75 ಆರ್ 16 ಇದೆ. 265/75 ಆರ್ 16 ಹಾಕಿದರೆ ತೊಂದರೆಯೇ?
— ಮಡಿಕೇರಿಯ ಓದುಗರು

ಉತ್ತರ: ಲೆಕ್ಕ ಹಾಕಿ. ಮೊದಲ ಅಂಕಿ ಮಿ.ಮೀ. ಲೆಕ್ಕದಲ್ಲಿ ಟೈರಿನ ಅಗಲ, ಅದರ ಶೇ. 75 ಪಕ್ಕದ ಎತ್ತರ, ಅದು ಮೇಲೊಂದು ಕೆಳಗೊಂದು, ಜೊತೆಗೆ 16 ಇಂಚಿನ ರಿಮ್ 406 ಮಿ.ಮೀ. ಈಗಿನದರ ವ್ಯಾಸ 774, ಹೊಸದು 804. ಸುಮಾರು ಶೇ. 4 ದೊಡ್ಡದು. ಸ್ಪೀಡೋಮೀಟರ್ 80 ತೋರಿಸುವಾಗ ನೀವು 83ರಲ್ಲಿರುತ್ತೀರಿ. ನೆಲದಿಂದ ಎತ್ತರ ಸಿಗುವುದು ವ್ಯಾಸದ ಅರ್ಧ, 15 ಮಿ.ಮೀ. ಮಾತ್ರ. ಅಷ್ಟಕ್ಕಾಗಿ ಗಾಡಿ ವೇಗ ಹಿಡಿಯುವ ಚುರುಕು ತಗ್ಗುತ್ತದೆ, ಮೈಲೇಜ್ ಇಳಿಯುತ್ತದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ತಾಗುವ ಸಾಧ್ಯತೆ ಇದೆ. ಹಾಕಿಸುವ ಮೊದಲು ಒಂದು ಚಕ್ರ ಮಾತ್ರ ಜೋಡಿಸಿ, ಪೂರ್ತಿ ತಿರುಗಿಸಿ, ಸಸ್ಪೆನ್ಷನ್ ಅದುಮಿ ನೋಡಿ. ಅದೇ ಅಳತೆಯಲ್ಲಿ ಒಳ್ಳೆಯ ಟ್ರೆಡ್ಡಿನ ಟೈರು ಕೊಳ್ಳುವುದೇ ನಮ್ಮ ಆಯ್ಕೆ.

ಪ್ರಶ್ನೆ: ಟೈರು ಹಳೆಯ ಸ್ಟಾಕೋ ಹೊಸದೋ ಎಂದು ತಿಳಿಯುವುದು ಹೇಗೆ?
— ಶಿವಮೊಗ್ಗದ ಓದುಗರು

ಉತ್ತರ: ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 3523 ಎಂದರೆ 2023ನೇ ಇಸವಿಯ 35ನೇ ವಾರ. ಕೆಲವು ಟೈರಿನಲ್ಲಿ ಇದು ಒಂದೇ ಪಕ್ಕದಲ್ಲಿರುತ್ತದೆ. ರಿಮ್ಮಿಗೆ ಹಾಕಿದ ಮೇಲೆ ಒಳಬದಿಗೆ ಹೋಗಿ ಕಾಣುವುದಿಲ್ಲ, ಆದ್ದರಿಂದ ಹಾಕಿಸುವ ಮೊದಲೇ ಓದಿ. ಒಂದು ವರ್ಷಕ್ಕಿಂತ ಹಳೆಯದಾದರೆ ಬೇರೆ ಕೇಳಿ. ಟ್ರೆಡ್ ಎಷ್ಟೇ ಉಳಿದಿದ್ದರೂ ಆರು ವರ್ಷ ದಾಟಿದ ಹಿಮದ ಟೈರನ್ನು ಹಿಮಕ್ಕೆ ಬಳಸಬೇಡಿ, ರಬ್ಬರ್ ಬಿರುಸಾಗಿರುತ್ತದೆ. ಸ್ಟೆಪ್ನಿಯ ತಾರೀಕನ್ನೂ ನೋಡಿಕೊಳ್ಳಿ. ಗಾಡಿಯ ಅಡಿಯಲ್ಲಿ ನೇತಾಡುವ ಆ ಟೈರಿನ ಗಾಳಿಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ಅದನ್ನು ಇಳಿಸುವ ಸರಪಳಿಗೆ ಮಳೆಗಾಲದ ನಂತರ ಎಣ್ಣೆ ಬಿಡಿ.